ಹೊಸ ಫೋಟೊಗೆ ಹಳೆಯ ಬಣ್ಣ: ವಿಮರ್ಶಿಸುವುದು ಹೇಗೆ?

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಕಾಲೇಜಿನ ವಿಜ್ಞಾನ ಸಂಘದವರು ವಿದ್ಯಾರ್ಥಿಗಳು ತೆಗೆದ ಫೋಟೊಗಳ ಪ್ರದರ್ಶನ ಏರ್ಪಡಿಸಿದ್ದರು. ತರಗತಿಯಲ್ಲಿ ಮಸೂರ, ಕ್ಯಾಮೆರಾಗಳ ಪಾಠ ಮಾಡುವವನೆಂಬ ಒಂದೇ ಕಾರಣಕ್ಕೆ ಅವುಗಳ ಬಗ್ಗೆ ಅಭಿಪ್ರಾಯ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಕ್ಕಿ, ಹೂವು, ಜಲಪಾತಗಳ ನಡುವೆ ಹೆಂಚಿನ ಮನೆಯೊಂದರ ಚಿತ್ರವಿತ್ತು. ಇಡೀ ಚಿತ್ರ ಕಂದು ಬಣ್ಣ. ನಾಲ್ಕೂ ಮೂಲೆಗಳಲ್ಲಿ ಮಸಿ ಬಳಿದಂಥ ಕಪ್ಪು. ಮೇಲೆಲ್ಲ ಮರಳು ಚೆಲ್ಲಿದಂತೆ ಕಾಳು ಕಾಳು. ಮೇಲಿನಿಂದ ಕೆಳಕ್ಕೆ ಬಿಳಿಯ ಗೀರುಗಳು. ಸಾಲದೆಂಬಂತೆ ಬಲ ಅಂಚಿನಲ್ಲಿ ಕೆಂಪು ಬೆಳಕಿನ ಒಂದು ಪಟ್ಟಿ. ಫೋನಿನಲ್ಲಿ ತೆಗೆದ ಹೊಸ ಫೋಟೊವನ್ನು ಹುಡುಗ ಹಳೆಯದಾಗಿಸಿದ್ದ.

“ಅತಿಯಾಯಿತು ಕಣಯ್ಯ” ಎಂದೆ.

“ಏನು ಅತಿಯಾಯಿತು ಸರ್?” ಎಂದು ಕೇಳಿದ.

ಅವನು ವಾದಕ್ಕೆ ನಿಂತಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದ. ನನ್ನ ಬಳಿ ಉತ್ತರವಿರಲಿಲ್ಲ. “ಒಟ್ಟಾರೆ ನೋಡು, ಸಹಜವಾಗಿಲ್ಲ” ಎಂದು ಏನೋ ಹೇಳಿ ಮುಂದಿನ ಚಿತ್ರಕ್ಕೆ ಹೋದೆ. ಹುಡುಗನ ಮುಖ ಸಪ್ಪಗಾದದ್ದು ಕಾಣಿಸಿತು. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬ “ಅಳತೆ ತಪ್ಪಾಗಿದೆ” ಎಂದಷ್ಟೇ ಬರೆದು, ಎಲ್ಲಿ ತಪ್ಪಾಗಿದೆ, ಎಷ್ಟು ತಪ್ಪಾಗಿದೆ ಎಂದು ಬರೆಯದಿದ್ದರೆ ನಾನೇ ರೆಕಾರ್ಡ್ ಪುಸ್ತಕವನ್ನು ಹಿಂದಕ್ಕೆ ಕೊಡುತ್ತೇನೆ. ಇಲ್ಲಿ ನಾನು ಮಾಡಿದ್ದೂ ಅದನ್ನೇ!

ಇಂಥ ಚಿತ್ರಗಳು ನಿಮ್ಮ ಕೈಗೂ ಬಂದಿರುತ್ತವೆ. 2009ರ ಕೊನೆಯಲ್ಲಿ ಹಿಪ್‌ಸ್ಟಮ್ಯಾಟಿಕ್, 2010ರಲ್ಲಿ ಇನ್‌ಸ್ಟಾಗ್ರಾಂ ಬಂದ ಮೇಲೆ ಹೊಸ ಚಿತ್ರಕ್ಕೆ ಹಳೆಯ ರೂಪ ಕೊಡುವುದು ಬೆರಳಿನ ಒಂದು ಒತ್ತಿಗೆ ಮುಗಿಯುವ ಕೆಲಸವಾಯಿತು. ಅದನ್ನು ನೋಡಿ “ಸೂಪರ್” ಎನ್ನುವುದೂ “ಚೆನ್ನಾಗಿಲ್ಲ” ಎನ್ನುವುದೂ ಅಷ್ಟೇ ಸುಲಭ. ಎರಡರಿಂದಲೂ ಚಿತ್ರ ಮಾಡಿದವನಿಗೆ ಕಿಲುಬು ಕಾಸಿನ ಪ್ರಯೋಜನವಿಲ್ಲ. ಹಾಗಾದರೆ ಪ್ರಯೋಜನವಾಗುವಂತೆ ಹೇಳುವುದು ಹೇಗೆ?

ನನಗೆ ಕಂಡ ದಾರಿ ಇದು. ಹಳೆಯ ಫೋಟೊದಲ್ಲಿ ಕಾಣುವ ಪ್ರತಿಯೊಂದು ಗುರುತಿಗೂ ಒಂದು ಕಾರಣವಿದೆ. ಕೆಲವಕ್ಕೆ ರಸಾಯನವಿಜ್ಞಾನ ಕಾರಣ, ಕೆಲವಕ್ಕೆ ದ್ಯುತಿವಿಜ್ಞಾನ, ಇನ್ನು ಕೆಲವಕ್ಕೆ ಧೂಳು ಮತ್ತು ಅಜಾಗರೂಕತೆ. ಅನುಕರಣೆ ಮಾಡಿದ ಚಿತ್ರವನ್ನು ನೋಡುವಾಗ “ಈ ಗುರುತು ಯಾವುದರ ಅನುಕರಣೆ? ನಿಜವಾಗಿ ಆಗಿದ್ದರೆ ಇಲ್ಲಿ, ಇಷ್ಟು, ಹೀಗೆ ಆಗುತ್ತಿತ್ತೇ?” ಎಂದು ಕೇಳಿದರೆ ಹೇಳುವವನಿಗೂ ಕೇಳುವವನಿಗೂ ನಡುವೆ ಒಂದು ಗಟ್ಟಿ ನೆಲ ಸಿಗುತ್ತದೆ. ಮಾತು ಇಷ್ಟ–ಅನಿಷ್ಟಗಳನ್ನು ದಾಟಿ ಹೋಗುತ್ತದೆ.

ಕಂದು ಬಣ್ಣ ಎಲ್ಲಿಂದ ಬಂತು?

ಕಪ್ಪು–ಬಿಳುಪು ಮುದ್ರಿಕೆಯಲ್ಲಿ ಕಪ್ಪಾಗಿ ಕಾಣುವುದು ಲೋಹದ ಬೆಳ್ಳಿ. ಜೆಲಟಿನ್‌ನಲ್ಲಿ ಹುದುಗಿರುವ ಅತಿ ಸೂಕ್ಷ್ಮ ಎಳೆಗಳ ಮುದ್ದೆ. ಇದನ್ನು ಪೊಟಾಸಿಯಂ ಫೆರಿಸಯನೈಡ್ ಮತ್ತು ಪೊಟಾಸಿಯಂ ಬ್ರೋಮೈಡ್‌ಗಳ ದ್ರಾವಣದಲ್ಲಿ ಅದ್ದಿದರೆ ಬೆಳ್ಳಿಯು ಬೆಳ್ಳಿಯ ಬ್ರೋಮೈಡ್ ಆಗುತ್ತದೆ, ಚಿತ್ರ ಹೆಚ್ಚುಕಡಿಮೆ ಮಾಯವಾಗುತ್ತದೆ. ಅನಂತರ ಸೋಡಿಯಂ ಸಲ್ಫೈಡ್ ದ್ರಾವಣಕ್ಕೆ ಹಾಕಿದರೆ ಕಂದು ಬಣ್ಣದ ಬೆಳ್ಳಿಯ ಸಲ್ಫೈಡ್ ಆಗಿ ಚಿತ್ರ ಮರಳಿ ಬರುತ್ತದೆ. ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯೂ ಬರುತ್ತದೆ. ಇದೇ ಸೆಪಿಯಾ. ಬೆಳ್ಳಿಗಿಂತ ಬೆಳ್ಳಿಯ ಸಲ್ಫೈಡ್ ಹೆಚ್ಚು ಸ್ಥಿರವಾದ್ದರಿಂದ ಚಿತ್ರ ಬಹುಕಾಲ ಬಾಳಲಿ ಎಂಬುದೂ ಹೀಗೆ ಮಾಡುವುದರ ಒಂದು ಉದ್ದೇಶವಾಗಿತ್ತು. ಅಂದರೆ ಸೆಪಿಯಾ ಮುಪ್ಪಿನ ಗುರುತಲ್ಲ, ಮುಪ್ಪು ಬಾರದಿರಲೆಂದು ಮಾಡಿದ ಉಪಚಾರ!

ಒಂದು ತಮಾಷೆಯನ್ನು ಗಮನಿಸಿ. ಮುದ್ರಿಕೆಯನ್ನು ಹೈಪೊದಿಂದ ತೆಗೆದ ಮೇಲೆ ನೀರಿನಲ್ಲಿ ಸರಿಯಾಗಿ ತೊಳೆಯದಿದ್ದರೆ ಉಳಿದ ಥಯೋಸಲ್ಫೇಟ್ ನಿಧಾನವಾಗಿ ವಿಭಜನೆಗೊಂಡು ಅದೇ ಬೆಳ್ಳಿಯನ್ನು ಸಲ್ಫೈಡ್ ಮಾಡುತ್ತದೆ. ಬೇಕೆಂದು ಮಾಡಿದ್ದೂ ಬೆಳ್ಳಿಯ ಸಲ್ಫೈಡ್, ಬೇಡದೆ ಆದದ್ದೂ ಬೆಳ್ಳಿಯ ಸಲ್ಫೈಡ್. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದು ಹೇಗೆ? ಉಪಚಾರ ಎಲ್ಲ ಕಡೆ ಒಂದೇ ಸಮ ಇರುತ್ತದೆ. ಕೊಳೆ ಮಾತ್ರ ಎಲ್ಲೋ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ. ಬೆಳ್ಳಿ ಕಡಿಮೆ ಇರುವ ತಿಳಿಭಾಗಗಳು, ಅಂದರೆ ಬಿಳಿ ಅಂಗಿಯ ಮಡಿಕೆ, ಕೆನ್ನೆಯ ಹೊಳಪು, ಇವು ಮೊದಲು ಹಳದಿಯಾಗಿ ವಿವರ ಕಳೆದುಕೊಳ್ಳುತ್ತವೆ.

ಉಪಚಾರದಲ್ಲೂ ಒಂದು ಸೂಕ್ಷ್ಮವಿದೆ. ಮೊದಲ ದ್ರಾವಣದಲ್ಲಿ ಸ್ವಲ್ಪ ಹೊತ್ತು ಮಾತ್ರ ಅದ್ದಿದರೆ ತಿಳಿಭಾಗಗಳು ಮೊದಲು ಕರಗುತ್ತವೆ, ಗಾಢ ನೆರಳುಗಳಲ್ಲಿ ಬೆಳ್ಳಿ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಅರೆ ಸೆಪಿಯಾ ಮಾಡಿದ ಮುದ್ರಿಕೆಯಲ್ಲಿ ಬೆಳಕು ಕಂದು, ನೆರಳು ಕಪ್ಪು. ಫೋನಿನ ಫಿಲ್ಟರುಗಳಲ್ಲಿ ಹಲವು ಇದರ ಗೋಜಿಗೇ ಹೋಗದೆ ಇಡೀ ಚಿತ್ರದ ಮೇಲೆ ಕಾಫಿ ಡಿಕಾಕ್ಷನ್ ಸುರಿದಂತೆ ಕಂದು ಹರಡುತ್ತವೆ. ಹುಡುಗನ ಚಿತ್ರದಲ್ಲಿ ಆಗಿದ್ದೂ ಇದೇ. “ಕಂದು ಹೆಚ್ಚಾಯಿತು” ಎನ್ನುವ ಬದಲು “ಜಗುಲಿಯ ಕೆಳಗಿನ ನೆರಳಿನಲ್ಲಿ ಬಣ್ಣ ತೆಗೆದು ನೋಡು, ಗೋಡೆಯಲ್ಲಿ ಉಳಿಸು” ಎಂದಿದ್ದರೆ ಅವನಿಗೆ ಕೈಗೆ ಒಂದು ಕೆಲಸ ಸಿಗುತ್ತಿತ್ತು.

ಮೋಡಗಳು ಹೇಳುವ ಕಾಲ

ನನ್ನ ಅನುಭವದಲ್ಲಿ ವಿಮರ್ಶಕರು ಹೆಚ್ಚಾಗಿ ತಪ್ಪಿಸಿಕೊಳ್ಳುವುದು ಇಲ್ಲಿ. ಬಣ್ಣ, ಗೀರು, ಕಲೆಗಳನ್ನು ನೋಡುತ್ತಾರೆಯೇ ಹೊರತು ಆಕಾಶವನ್ನು ನೋಡುವುದಿಲ್ಲ.

ಬೆಳ್ಳಿಯ ಬ್ರೋಮೈಡ್‌ಗೆ ತಾನಾಗಿ ಕಾಣುವುದು ಅತಿನೇರಳೆ, ನೇರಳೆ ಮತ್ತು ನೀಲಿ ಬೆಳಕು ಮಾತ್ರ. ಸುಮಾರು 500 ನ್ಯಾನೊಮೀಟರ್‌ಗಿಂತ ಹೆಚ್ಚಿನ ತರಂಗದೂರದ ಹಸುರು, ಹಳದಿ, ಕೆಂಪು ಬೆಳಕು ಅದರ ಪಾಲಿಗೆ ಕತ್ತಲೆಯೇ. 1873ರಲ್ಲಿ ಜರ್ಮನಿಯ ಹರ್ಮನ್ ವಿಲ್‌ಹೆಲ್ಮ್ ಫೋಗೆಲ್ ಎಮಲ್ಶನ್‌ಗೆ ಕೆಲವು ಬಣ್ಣಗಳನ್ನು ಬೆರೆಸಿದರೆ ಅದು ಹಸುರು ಬೆಳಕನ್ನೂ ಗ್ರಹಿಸುತ್ತದೆ ಎಂದು ಕಂಡುಕೊಂಡ. ಇಂಥವಕ್ಕೆ ಆರ್ಥೊಕ್ರೊಮ್ಯಾಟಿಕ್ ಎಂದು ಹೆಸರಾಯಿತು. ಕೆಂಪನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಪ್ಲೇಟುಗಳು ಮಾರುಕಟ್ಟೆಗೆ ಬಂದದ್ದು 1906ರಲ್ಲಿ. ಆಮೇಲೂ ಹಲವು ದಶಕ ಎರಡೂ ಬಗೆ ಜೊತೆಜೊತೆಯಾಗಿ ಬಳಕೆಯಲ್ಲಿದ್ದವು.

ಇದರ ಪರಿಣಾಮ ಏನು? ನೀಲಿ ಆಕಾಶ ಮತ್ತು ಬಿಳಿ ಮೋಡ ಎರಡೂ ಪ್ಲೇಟಿನ ಮೇಲೆ ಒಂದೇ ರೀತಿ ಬಲವಾಗಿ ಬೀಳುತ್ತವೆ; ಮುದ್ರಿಕೆಯಲ್ಲಿ ಆಕಾಶ ಬಟ್ಟಬಿಳಿ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಹಾಕಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯ ಚಿತ್ರಗಳನ್ನು ತೆಗೆದ. ಅಂಥ ನೆಗೆಟಿವ್‌ಗೆ ಕಲ್ಲಿನ ಕಂಬದ ವಿವರ ಸಿಗುತ್ತದೆ, ಅದರ ಹಿಂದಿನ ನೀಲಿ ಆಕಾಶದ ಮೋಡ ಸಿಗುವುದಿಲ್ಲ. ಈಗ ಯಾರಾದರೂ ಹಂಪಿಯ ರಥದ ಹಿಂದೆ ಕಡುಗಪ್ಪು ಆಕಾಶ, ಅದರಲ್ಲಿ ಅರಳೆಯಂಥ ಮೋಡಗಳನ್ನು ತೋರಿಸಿ “ನೂರೈವತ್ತು ವರ್ಷ ಹಿಂದಿನ ರೀತಿ” ಎಂದರೆ ನೀವು ಧೈರ್ಯವಾಗಿ ಆಕ್ಷೇಪಿಸಬಹುದು. ಅದು ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿನ ಮುಂದೆ ಕೆಂಪು ಗಾಜು ಇಟ್ಟು ತೆಗೆದ ಚಿತ್ರದ ಲಕ್ಷಣ. (ಮೋಡ ಬೇಕೇಬೇಕೆಂದವರು ಆಗಲೂ ಇದ್ದರು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಕಾಗದದ ಮೇಲೆ ಮುದ್ರಿಸುತ್ತಿದ್ದ. ಫೋಟೊ ತಿದ್ದುವುದು ಕಂಪ್ಯೂಟರ್ ಕಾಲದ ಪಾಪವೇನಲ್ಲ.)

ಇದನ್ನು ಲೆಕ್ಕದಲ್ಲಿಯೂ ನೋಡಬಹುದು. ಡಿಜಿಟಲ್ ಚಿತ್ರದ ಪ್ರತಿ ಪಿಕ್ಸೆಲ್‌ನಲ್ಲಿ ಕೆಂಪು, ಹಸುರು, ನೀಲಿ ಎಂದು ಮೂರು ಸಂಖ್ಯೆಗಳಿರುತ್ತವೆ, ಪ್ರತಿಯೊಂದೂ 0ಯಿಂದ 255ರವರೆಗೆ. ಕಪ್ಪು–ಬಿಳುಪು ಮಾಡುವಾಗ ತಂತ್ರಾಂಶ ಸಾಮಾನ್ಯವಾಗಿ ಕೆಂಪಿನ 0.299, ಹಸುರಿನ 0.587, ನೀಲಿಯ 0.114 ಪಾಲನ್ನು ಕೂಡಿಸುತ್ತದೆ. ಇದು ನಮ್ಮ ಕಣ್ಣಿನ ಗ್ರಹಿಕೆಗೆ ಹತ್ತಿರವಾದದ್ದು, ಹಳೆಯ ಪ್ಲೇಟಿನ ಗ್ರಹಿಕೆಗಲ್ಲ. ಕುಂಕುಮದ ಬೊಟ್ಟಿನ ಸಂಖ್ಯೆಗಳು 180, 30, 40 ಎಂದಿಟ್ಟುಕೊಳ್ಳಿ. ತಂತ್ರಾಂಶದ ಪ್ರಕಾರ ಅದು 76, ಅಂದರೆ ಬೂದು. ಕೆಂಪನ್ನು ಬಿಟ್ಟು ಹಸುರು–ನೀಲಿಗಳ ಸರಾಸರಿ ತೆಗೆದರೆ 35, ಹೆಚ್ಚುಕಡಿಮೆ ಕಪ್ಪು. ನಿಮ್ಮ ಮನೆಯ ಹಳೆಯ ಫೋಟೊಗಳಲ್ಲಿ ಅಜ್ಜಿಯ ಹಣೆಯ ಕುಂಕುಮ ಕಾಡಿಗೆಯ ಬೊಟ್ಟಿನಂತೆ ಕಂಡರೆ ಕಾರಣ ಇದಿರಬಹುದು. ಎಲ್ಲ ಹಳೆಯ ಫೋಟೊಗಳಿಗೂ ಇದು ಅನ್ವಯಿಸುವುದಿಲ್ಲ ಎಂಬುದನ್ನು ಮರೆಯಬೇಡಿ.

ಮೂಲೆ, ಕಾಳು, ಗೀರು

ಮೂಲೆಗಳು ಕಪ್ಪಾಗುವುದಕ್ಕೆ ಒಂದು ಮುಖ್ಯ ಕಾರಣವನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು. ಸರಳ ಮಸೂರದ ಅಕ್ಷದಿಂದ ಓರೆಯಾಗಿ ಹೋಗುವ ಬೆಳಕಿನ ಪ್ರಖರತೆ ಆ ಕೋನದ ಕೊಸೈನ್‌ನ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಇಳಿಯುತ್ತದೆ. 50 ಮಿಮೀ ಮಸೂರ, 36×24 ಮಿಮೀ ಫಿಲ್ಮು ಎಂದುಕೊಳ್ಳಿ. ಮಧ್ಯದಿಂದ ಮೂಲೆಗೆ 21.6 ಮಿಮೀ, ಕೋನ ಸುಮಾರು 23.4 ಡಿಗ್ರಿ. ಮೂಲೆಯಲ್ಲಿ ಉಳಿಯುವ ಬೆಳಕು ಮಧ್ಯದ ಶೇ. 71. ಅಷ್ಟೇ! 30 ಡಿಗ್ರಿಗೆ ಹೋದರೆ ಶೇ. 56. ಮಸೂರದ ಕೊಳವೆಯೇ ಓರೆ ಕಿರಣಗಳಿಗೆ ಅಡ್ಡಬಂದರೆ ಇನ್ನಷ್ಟು ಕಡಿಮೆಯಾಗುತ್ತದೆ, ನಿಜ. ಆದರೂ ಇಳಿತ ನಯವಾಗಿರುತ್ತದೆ, ಮಸೂರದ ಅಕ್ಷವನ್ನು ಸುತ್ತಿ ಎಲ್ಲ ದಿಕ್ಕಿಗೂ ಸಮನಾಗಿರುತ್ತದೆ. ಮೂಲೆಯಲ್ಲಿ ಶೇ. 5 ಬೆಳಕು ಉಳಿಸಿ, ಕತ್ತಲೆಯ ಕೇಂದ್ರವನ್ನು ಮನೆಯ ಬಾಗಿಲಿಗೆ ಸರಿಸಿದರೆ ಅದು ಮಸೂರದ ಕೆಲಸವಲ್ಲ, ಚಿತ್ರಕಾರನ ಕೆಲಸ. ಕತ್ತಲೆಕೋಣೆಯಲ್ಲಿ ಅಂಚುಗಳಿಗೆ ಹೆಚ್ಚು ಬೆಳಕು ಕೊಟ್ಟು ಬೇಕೆಂದೇ ಕಪ್ಪು ಮಾಡುತ್ತಿದ್ದವರೂ ಇದ್ದರು. ಹಾಗಾಗಿ ಇಲ್ಲಿ “ತಪ್ಪು” ಎನ್ನುವುದಕ್ಕಿಂತ “ಇದು ಮಸೂರದ್ದೋ, ನಿನ್ನದೋ?” ಎಂದು ಕೇಳುವುದು ನ್ಯಾಯ.

ಕಾಳಿನ ವಿಷಯಕ್ಕೆ ಬರೋಣ. ಬೆಳ್ಳಿಯ ಹರಳುಗಳು ಒಂದೊಂದಾಗಿ ಕಣ್ಣಿಗೆ ಕಾಣುವಷ್ಟು ದೊಡ್ಡವಲ್ಲ, ಮೈಕ್ರೊಮೀಟರ್ ಆಸುಪಾಸಿನವು. ನಮಗೆ ಕಾಣುವುದು ಅವು ಎಲ್ಲೋ ಒತ್ತಾಗಿ, ಎಲ್ಲೋ ವಿರಳವಾಗಿ ಹರಡಿರುವ ಏರುಪೇರು. ಸಣ್ಣ ಫಿಲ್ಮನ್ನು ಎಂಟು ಹತ್ತು ಪಟ್ಟು ಹಿಗ್ಗಿಸಿ ಮುದ್ರಿಸಿದಾಗ ಅದು ಎದ್ದು ಕಾಣುತ್ತದೆ. ಆದರೆ 19ನೆಯ ಶತಮಾನದ ಚಿತ್ರಗಳು ಬಹುಪಾಲು ದೊಡ್ಡ ಪ್ಲೇಟಿಗೆ ಕಾಗದವನ್ನು ನೇರ ಒತ್ತಿ ಮುದ್ರಿಸಿದವು. ಹಿಗ್ಗಿಸುವ ಮಾತೇ ಇಲ್ಲ, ಕಾಳೂ ಇಲ್ಲ. ಆ ಕಾಲದ ರೂಪ ಬೇಕೆಂದು ಕಾಳು ಸುರಿಯುವುದು ಪೇಟ ಸುತ್ತಿದ ಅಜ್ಜನಿಗೆ ಕೂಲಿಂಗ್ ಗ್ಲಾಸ್ ಹಾಕಿದ ಹಾಗೆ. ಇನ್ನೊಂದು ಮಾತು: ನಿಜವಾದ ಕಾಳು ಮಧ್ಯಮ ಬೂದು ಭಾಗಗಳಲ್ಲಿ ಹೆಚ್ಚು ಕಾಣುತ್ತದೆ. ಬಟ್ಟಬಿಳಿಯಲ್ಲೂ ಕಡುಗಪ್ಪಿನಲ್ಲೂ ಅಡಗುತ್ತದೆ. ಸುಣ್ಣದ ಗೋಡೆ, ಕತ್ತಲ ಕಿಟಕಿ ಎರಡರ ಮೇಲೂ ಒಂದೇ ಸಮ ಮರಳು ಕಂಡರೆ ಅದು ಮೇಲಿಂದ ಹಾಕಿದ ಮರಳು.

ಗೀರು ಮತ್ತು ಧೂಳಿನಲ್ಲಿ ಒಂದು ಒಗಟಿದೆ. ನೆಗೆಟಿವ್ ಮೇಲೆ ಧೂಳು ಕೂತರೆ ಅದು ಬೆಳಕನ್ನು ತಡೆಯುತ್ತದೆ, ಮುದ್ರಿಕೆಯಲ್ಲಿ ಬಿಳಿ ಚುಕ್ಕೆಯಾಗುತ್ತದೆ. ನೆಗೆಟಿವ್‌ನ ಎಮಲ್ಶನ್ನೇ ಕೆರೆದುಹೋದರೆ ಅಲ್ಲಿ ಬೆಳಕು ಸಲೀಸಾಗಿ ನುಗ್ಗುತ್ತದೆ, ಮುದ್ರಿಕೆಯಲ್ಲಿ ಕಪ್ಪು ಗೆರೆ. ಮುದ್ರಿಕೆಯ ಮೈಯೇ ಕೆರೆದರೆ ಕಾಗದ ಕಾಣಿಸಿ ಬಿಳಿ ಗೆರೆ. ಹಾಗಾದರೆ ಮೇಲಿನಿಂದ ಕೆಳಕ್ಕೆ ಉದ್ದಕ್ಕೆ ಸಮಾನಾಂತರವಾಗಿ ಓಡುವ ಗೀರುಗಳು? ಅವು ಸಿನಿಮಾ ರೀಲಿನವು. ಪ್ರೊಜೆಕ್ಟರಿನಲ್ಲಿ ಫಿಲ್ಮು ಓಡುವಾಗ ಯಾವುದೋ ಒರಟು ತುದಿಗೆ ಉಜ್ಜಿ ಆದವು. ಗೋಡೆಯ ಮೇಲೆ ಅಲುಗಾಡದೆ ಕೂತ ಮನೆಯ ಫೋಟೊಗೆ ಟೆಂಟ್ ಸಿನಿಮಾದ ಗೀರು ಹೇಗೆ ಬಂತು?

ಕೆಂಪು ಪಟ್ಟಿಯ ಕಥೆಯೂ ಇಂಥದೇ. ಬಣ್ಣದ ನೆಗೆಟಿವ್ ಫಿಲ್ಮಿನಲ್ಲಿ ಕೆಂಪು ಗ್ರಹಿಸುವ ಪದರ ಎಲ್ಲಕ್ಕಿಂತ ಕೆಳಗೆ, ಆಧಾರದ ಪಕ್ಕ ಇರುತ್ತದೆ. ಕ್ಯಾಮೆರಾದ ಹಿಂದಿನ ಬಾಗಿಲಿನ ಸಂದಿಯಿಂದ ಬೆಳಕು ಸೋರಿದರೆ ಮೊದಲು ಅದಕ್ಕೆ ತಗಲುತ್ತದೆ. ಆದ್ದರಿಂದ ಮುದ್ರಿಕೆಯಲ್ಲಿ ಕೆಂಪು, ಕಿತ್ತಳೆ. ಕಪ್ಪು–ಬಿಳುಪು ಫಿಲ್ಮಿನಲ್ಲಿ ಸೋರಿದ ಬೆಳಕಿಗೆ ಬಣ್ಣವಿಲ್ಲ. ಸೆಪಿಯಾ ಮನೆಯ ಮೇಲೆ ಕೆಂಪು ಪಟ್ಟಿ ಬಂದರೆ ಎರಡು ಬೇರೆ ಬೇರೆ ಕಾಲದ ಫೋಟೊಗಳು ಒಂದೇ ಚೌಕಟ್ಟಿನಲ್ಲಿ ಕೂತಂತಾಯಿತು. 1970ರ ದಶಕದ ಬಣ್ಣದ ಮುದ್ರಿಕೆಗಳ ಮುಪ್ಪು ಬೇರೆಯೇ ಬಗೆಯದು. ಕತ್ತಲಲ್ಲಿಟ್ಟ ಆಲ್ಬಮ್‌ನಲ್ಲಿ ಆ ಕಾಲದ ಹಲವು ಕಾಗದಗಳ ಸಯಾನ್ ಬಣ್ಣ ಮೊದಲು ಸೋಲುತ್ತಿತ್ತು. ಸಯಾನ್ ಹೋದರೆ ಕೆಂಪು ತಡೆಯುವವರಿಲ್ಲ, ನೆರಳುಗಳೆಲ್ಲ ಕೆಂಪಡರುತ್ತವೆ. ನೆರಳಿಗೆ ನೀಲಿ ಕೊಟ್ಟು “ಮಾಸಿದ ಆಲ್ಬಮ್” ಎಂದು ಹೆಸರಿಟ್ಟರೆ ಒಪ್ಪುವುದು ಕಷ್ಟ.

ನನ್ನದೂ ಒಂದು ತಪ್ಪು

ಇಷ್ಟೆಲ್ಲ ಟಿಪ್ಪಣಿ ಮಾಡಿಕೊಂಡು ವಾರದ ನಂತರ ಹುಡುಗನನ್ನು ಕರೆಸಿದೆ. ಚಿತ್ರವನ್ನು ನನ್ನ ಫೋನಿಗೆ ಕಳಿಸಲು ಹೇಳಿದ್ದೆ. ಹಿಂದಿನ ರಾತ್ರಿ ಮತ್ತೊಮ್ಮೆ ನೋಡಿ “ಗೋಡೆಯ ಬಿಳುಪು ವಿಪರೀತ ಹಳದಿ” ಎಂದೂ ಬರೆದುಕೊಂಡಿದ್ದೆ. ಅವನು ನನ್ನ ಫೋನನ್ನು ಕೈಗೆ ತೆಗೆದುಕೊಂಡು ಒಂದು ಗುಂಡಿ ಒತ್ತಿದ. ಹಳದಿ ಹೋಯಿತು. ರಾತ್ರಿ ಕಣ್ಣಿಗೆ ಹಿತವಾಗಲೆಂದು ಪರದೆಯ ನೀಲಿಯನ್ನು ಇಳಿಸುವ ವ್ಯವಸ್ಥೆಯನ್ನು ನಾನೇ ಹಾಕಿಟ್ಟು ಮರೆತಿದ್ದೆ! ಉಪಕರಣದ ಶೂನ್ಯ ದೋಷ ನೋಡದೆ ಅಳತೆ ತೆಗೆಯಬಾರದು ಎಂದು ಮೂವತ್ತು ವರ್ಷ ಪಾಠ ಮಾಡಿದವನು ನಾನು. ಅಂದಿನಿಂದ ಯಾವ ಚಿತ್ರದ ಬಣ್ಣದ ಬಗ್ಗೆ ಮಾತನಾಡುವ ಮೊದಲೂ ಅದೇ ಪರದೆಯಲ್ಲಿ ಒಂದು ಖಾಲಿ ಬಿಳಿ ಪುಟ ತೆರೆದು ನೋಡುತ್ತೇನೆ. ನೀವೂ ಹಾಗೆ ಮಾಡಿ.

ಆ ನಗುವಿನ ನಂತರ ಮಾತು ಸುಲಭವಾಯಿತು. ಆಗ ನಾನು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ: “ಇದನ್ನು ಯಾಕೆ ಮಾಡಿದೆ?”

ಅದು ಅವನ ಅಜ್ಜಿಯ ಮನೆ. ರಸ್ತೆ ಅಗಲ ಮಾಡುವಾಗ ಕೆಡವಿದರು. ಕೆಡವುವ ಮುಂಚಿನ ದಿನ ತೆಗೆದ ಫೋಟೊ ಇದು. ಅಜ್ಜಿ ಈಗ ಮಗನ ಮನೆಯಲ್ಲಿದ್ದಾರೆ. ಅಲ್ಲಿ ನಡುಮನೆಯಲ್ಲಿ ಅಜ್ಜ–ಅಜ್ಜಿಯ ಹಳೆಯ ಸ್ಟುಡಿಯೊ ಫೋಟೊ ಇದೆ, ಅದರ ಪಕ್ಕಕ್ಕೆ ಈ ಮನೆಯ ಚಿತ್ರ ಹಾಕಬೇಕು, ಎರಡೂ ಜೋಡಿಯಂತೆ ಕಾಣಬೇಕು ಎಂಬುದು ಅವನ ಆಸೆ.

“ಮೂಲ ಫೋಟೊ ತೋರಿಸು” ಎಂದೆ.

ಇರಲಿಲ್ಲ. ಎಫೆಕ್ಟ್ ಹಾಕಿ ಅದೇ ಹೆಸರಿನಲ್ಲಿ ಉಳಿಸಿಬಿಟ್ಟಿದ್ದ.

ನಾನು ಸುಮ್ಮನಾದೆ. ಮೂರು ಸಂಖ್ಯೆಗಳನ್ನು ಕೂಡಿಸಿ ಒಂದು ಮಾಡಿದ ಮೇಲೆ ಆ ಒಂದರಿಂದ ಮೂರನ್ನು ಹಿಂದಕ್ಕೆ ಪಡೆಯುವ ಗಣಿತವಿಲ್ಲ. 1,67,77,216 ಬಣ್ಣಗಳ ಸಾಧ್ಯತೆ 256 ಬೂದುಗಳಿಗೆ ಇಳಿದಿತ್ತು. ಮೂಲೆಗಳಲ್ಲಿ 0ಗೆ ತಳ್ಳಿದ ಪಿಕ್ಸೆಲ್‌ಗಳಲ್ಲಿ ಏನೂ ಉಳಿದಿರಲಿಲ್ಲ. ಎಡ ಮೂಲೆಯಲ್ಲಿ ತುಳಸಿಕಟ್ಟೆ ಇತ್ತಂತೆ. ಈಗ ಕಪ್ಪು. ಸೆಪಿಯಾ ಮಾಡುವ ಸ್ಟುಡಿಯೊದವನು ಮುದ್ರಿಕೆಯನ್ನು ಕೆಡಿಸಿಕೊಂಡರೂ ಪೆಟ್ಟಿಗೆಯಲ್ಲಿ ನೆಗೆಟಿವ್ ಇರುತ್ತಿತ್ತು. ನಮ್ಮ ಹುಡುಗ ನೆಗೆಟಿವ್ ಮೇಲೆಯೇ ಬಣ್ಣ ಬಳಿದಿದ್ದ. ವಿಮರ್ಶೆಗೆ ಚಿತ್ರ ತಂದವರನ್ನು ನಾನು ಈಗ ಮೊದಲು ಕೇಳುವುದು ಮೂಲ ಇದೆಯೇ ಎಂದು. ಇದ್ದರೆ ಪಕ್ಕದಲ್ಲಿಡಿ. ಇಲ್ಲದಿದ್ದರೆ ಉಳಿದ ಮಾತೆಲ್ಲ ಆಮೇಲೆ, ಮೊದಲು ಹುಡುಕಿ.

ಹುಡುಕಿದೆವು. ಅವನ ಚಿಕ್ಕಮ್ಮನ ಮಗಳಿಗೆ ಆ ದಿನವೇ ಕಳಿಸಿದ್ದ ಪ್ರತಿ ಅವಳ ಫೋನಿನಲ್ಲಿ ಸಿಕ್ಕಿತು. ಕಳಿಸುವಾಗ ಕುಗ್ಗಿಹೋಗಿದ್ದರೂ ಬಣ್ಣವಿತ್ತು, ತುಳಸಿಕಟ್ಟೆಯೂ ಇತ್ತು. ಆಗ ಅವನ ಮುಖ ನೋಡಬೇಕಿತ್ತು.

ಜೋಡಿ ಮಾಡುವುದು

ಇನ್ನು ಎರಡನೆಯ ಕೆಲಸ. “ಹಳೆಯದು” ಎಂಬ ಹೆಸರಿನ ಒಂದೇ ಕಾಲವಿಲ್ಲ. ಯಾವುದಕ್ಕೆ ಜೋಡಿಯಾಗಬೇಕೋ ಅದನ್ನು ಮೊದಲು ಓದಬೇಕು. ಅಜ್ಜ–ಅಜ್ಜಿಯ ಫೋಟೊವನ್ನು ಗೋಡೆಯಿಂದ ಇಳಿಸಿ ಕಿಟಕಿಯ ಬೆಳಕಿಗೆ ತಂದೆವು. ಹಿಂಬದಿಯಲ್ಲಿ ಪೆನ್ಸಿಲಿನಿಂದ 1954 ಎಂದು ಬರೆದಿತ್ತು. ಕಾಳು ಇಲ್ಲವೇ ಇಲ್ಲ. ಗೀರು ಇಲ್ಲ. ಮೂಲೆಗಳು ಬೆಳ್ಳಗಿವೆ. ಬಣ್ಣ ಸೆಪಿಯಾ ಅಲ್ಲ, ಕಪ್ಪು–ಬಿಳುಪೇ; ಅಜ್ಜನ ಪಂಚೆಯ ಮಡಿಕೆಗಳಲ್ಲಿ ಮಾತ್ರ ಹಳದಿ ಮಚ್ಚೆ. ಅಜ್ಜನ ಕಪ್ಪು ಕೋಟಿನ ಅಂಚಿನಲ್ಲಿ, ಓರೆಯಾಗಿ ನೋಡಿದರೆ ನೀಲಿಛಾಯೆಯ ಕನ್ನಡಿಯಂಥ ಹೊಳಪು. ಬೆಳ್ಳಿ ಅಯಾನುಗಳಾಗಿ ಮೇಲ್ಮೈಗೆ ಬಂದು ಮತ್ತೆ ಲೋಹವಾದಾಗ ಹೀಗಾಗುತ್ತದೆ. ಪರದೆಯಲ್ಲಿ ಇದನ್ನು ಅನುಕರಿಸಲು ಹೋಗಬೇಡಿ, ಏಕೆಂದರೆ ಅದು ಬಣ್ಣವಲ್ಲ, ಪ್ರತಿಫಲನ. ಅಜ್ಜಿಯ ಕುಂಕುಮ ಕಡುಗಪ್ಪು.

ಹುಡುಗನ ಮೊದಲ ಚಿತ್ರದಲ್ಲಿದ್ದ ಐದು ಎಫೆಕ್ಟ್‌ಗಳಲ್ಲಿ ಒಂದೂ ಈ ಫೋಟೊದಲ್ಲಿರಲಿಲ್ಲ. “ಅತಿಯಾಯಿತು” ಎಂದದ್ದಕ್ಕೆ ಉತ್ತರ ಅವನಿಗೇ ಸಿಕ್ಕಿತು. ನಾನು ಬಾಯಿ ಬಿಡಬೇಕಾಗಲಿಲ್ಲ.

ವಿಮರ್ಶೆ ಕೇಳುವವರಿಗೂ ಇಲ್ಲಿ ಒಂದು ಮಾತು ಹೇಳಬೇಕು. “ಹೇಗಿದೆ?” ಎಂದು ಕೇಳಿದರೆ “ಚೆನ್ನಾಗಿದೆ” ಎಂದೇ ಉತ್ತರ ಬರುವುದು. “1950ರ ದಶಕದ ಸ್ಟುಡಿಯೊ ಫೋಟೊ ಪಕ್ಕದಲ್ಲಿಡಲು ಮಾಡಿದ್ದು, ಆಕಾಶ ಸರಿಯೇ?” ಎಂದು ಕೇಳಿ ನೋಡಿ. ಉತ್ತರ ಬರುವಾಗ ಮಧ್ಯೆ ಬಾಯಿ ಹಾಕಿ ಸಮರ್ಥಿಸಿಕೊಳ್ಳುವ ಆಸೆಯಾಗುತ್ತದೆ. ತಡೆದುಕೊಳ್ಳಿ. ಸಲಹೆ ಒಪ್ಪದಿದ್ದರೂ ಒಂದು ಪ್ರತಿಯ ಮೇಲೆ ಮಾಡಿ ನೋಡಿ ಬಿಡಿ. ಡಿಜಿಟಲ್‌ನಲ್ಲಿ ಪ್ರಯೋಗಕ್ಕೆ ಖರ್ಚಿಲ್ಲ. ಹೇಳುವವರು ಎಲ್ಲ ದೋಷವನ್ನೂ ಒಂದೇ ಉಸಿರಿಗೆ ಹೇಳಬೇಡಿ. ಹುಡುಗನಿಗೆ ನಾನು ಮೊದಲ ದಿನ ಹೇಳಿದ್ದು ಆಕಾಶವೊಂದನ್ನೇ. ಉಳಿದದ್ದು ಅವನೇ ಸರಿಪಡಿಸಿದ.

ಕೆಂಪನ್ನು ಬಿಟ್ಟು ಹಸುರು, ನೀಲಿಗಳನ್ನು ಸಮನಾಗಿ ಕೂಡಿಸಿದ. ಆಕಾಶ ಬಿಳಿಯಾಯಿತು. ಕೆಂಪು ಹೆಂಚು ಕಪ್ಪಡರಿತು. ಜಗುಲಿಯ ನೆರಳು ಆಳವಾಯಿತು. 1954ರ ಫೋಟೊ ಪಕ್ಕದಲ್ಲಿಟ್ಟರೆ ಒಂದೇ ಸ್ಟುಡಿಯೊದವನು ತೆಗೆದಂತಿತ್ತು. ನಾನಂತೂ ಮನಸಾರೆ ಮೆಚ್ಚಿದೆ. ಮುದ್ರಿಸಿ ಅಜ್ಜಿಯ ಕೈಗೆ ಕೊಟ್ಟೆವು.

ಅಜ್ಜಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ತುಳಸಿಕಟ್ಟೆಯ ಮೇಲೆ ಬೆರಳಿಟ್ಟರು. ಆಮೇಲೆ ಕೇಳಿದರು: “ಬಾಗಿಲಿಗೆ ಸುಣ್ಣ ಹೊಡೆದೋರು ಯಾರೋ?”

ಬಾಗಿಲು ತಿಳಿನೀಲಿಯದು. ಸಂಖ್ಯೆಗಳು 110, 160, 215ರ ಆಸುಪಾಸು. ಸಾಮಾನ್ಯ ಲೆಕ್ಕದಲ್ಲಿ 151 ಬರಬೇಕಾದದ್ದು ನಮ್ಮ ಲೆಕ್ಕದಲ್ಲಿ 188 ಆಗಿ, ಮೇಲಿಂದ ಕಾಂಟ್ರಾಸ್ಟ್ ಏರಿಸಿದ್ದಕ್ಕೆ ಗೋಡೆಯ ಬಿಳುಪಿನಲ್ಲಿ ಕರಗಿತ್ತು. ಹಳೆಯ ಪ್ಲೇಟು ನೀಲಿಯನ್ನು ಹಾಗೆಯೇ ಕಾಣುತ್ತದೆ ಎಂದು ನಾನು ವಿವರಿಸಲು ಹೊರಟೆ. ಅಜ್ಜಿ ತಲೆಯಾಡಿಸಿ ಕೇಳಿಸಿಕೊಂಡರು. “ಅದು ಸರಿ ಮೇಷ್ಟ್ರೇ. ಇವರಜ್ಜ ಪ್ರತಿ ಗೌರಿಹಬ್ಬಕ್ಕೂ ತಾವೇ ನಿಂತು ನೀಲಿ ಹೊಡೆಸ್ತಿದ್ರು” ಎಂದರು.

ಹುಡುಗ ಬಾಗಿಲೊಂದನ್ನು ಮಾತ್ರ ಆಯ್ದು 151ಕ್ಕೆ ಇಳಿಸಿದ. ಅದು ಯಾವ ಪ್ಲೇಟಿನಲ್ಲೂ ಹಾಗೆ ಬರುವುದಿಲ್ಲ. ಪಕ್ಕದ ಬಿಳಿ ಆಕಾಶವನ್ನೂ ಆ ಬೂದು ಬಾಗಿಲನ್ನೂ ಒಟ್ಟಿಗೆ ನೋಡಿದರೆ ತಿಳಿದವರು ಇದು ಕೈಯಿಂದ ತಿದ್ದಿದ್ದೆಂದು ಹೇಳಿಬಿಡುತ್ತಾರೆ. ಹೇಳಲಿ. ಆದರೆ ಇಂಥ ಚಿತ್ರ ನಾಲ್ಕು ಕೈ ದಾಟಿ ಯಾವುದೋ ಸ್ಮರಣ ಸಂಚಿಕೆಯಲ್ಲಿ “1950ರ ದಶಕದ ಮನೆ” ಎಂದು ಅಚ್ಚಾಗುವ ಭಯ ನನಗಿತ್ತು. ಹಾಗಾಗಿ ಚೌಕಟ್ಟು ಹಾಕಿಸುವ ಮುನ್ನ ಬಣ್ಣದ ಪ್ರತಿಯೊಂದನ್ನು ಅದರ ಹಿಂದೆ ಇಟ್ಟೆವು. ಹಿಂಬದಿಯ ರಟ್ಟಿನ ಮೇಲೆ ಹುಡುಗ ಪೆನ್ಸಿಲಿನಿಂದ ತೆಗೆದ ದಿನಾಂಕ ಬರೆದ. ಅದರ ಕೆಳಗೆ: “ಫೋನಿನಲ್ಲಿ ತೆಗೆದದ್ದು. ಹಳೆಯದಾಗಿಸಿದೆ. ಬಾಗಿಲು ನೀಲಿ.”